ಎವರ್‌ಹುಡ್ ಗೇಮ್ ಹೇಗಿದೆ? ರಿದಮ್ ಗೇಮ್ ಆಡಿ ಗೊತ್ತಿಲ್ಲದವರು ತಗೊಳ್ಳಬಹುದಾ?

ನೀವು ಎರಡು ವಿಷಯ ಕೇಳಿದ್ದೀರಿ. ಕಥೆಗಾಗಿ ಗೇಮ್ ಆಡುವ ನಿಮಗೆ ಎವರ್‌ಹುಡ್ ಹಿಡಿಸುತ್ತದಾ, ರಿದಮ್ ಗೇಮ್, ಅಂದರೆ ಹಾಡಿನ ತಾಳಕ್ಕೆ ಆಡುವ ಗೇಮ್, ಮುಟ್ಟೇ ಇಲ್ಲದ ಕೈಗೆ ಅದು ಒಗ್ಗುತ್ತದಾ ಅಂತ. ಕೈಗೆ ಒಗ್ಗುತ್ತದೆ, ಆ ಚಿಂತೆ ಬಿಡಿ. ಕಥೆಯ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು.

ಇದು 2021ರ ಮಾರ್ಚ್‌ನಲ್ಲಿ ಪಿಸಿ ಮತ್ತು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ ಬಂದ ಗೇಮ್. ಕ್ರಿಸ್ ನಾರ್ಡ್‌ಗ್ರೆನ್, ಜೋರ್ಡಿ ರೋಕಾ ಎಂಬ ಇಬ್ಬರು ಸೇರಿ ಮಾಡಿದ್ದು. ನಾಯಕ ರೆಡ್ ಒಂದು ಕಟ್ಟಿಗೆ ಗೊಂಬೆ. ಶುರುವಿಗೇ ನೀಲಿ ಕಳ್ಳನೊಬ್ಬ ಅದರ ತೋಳು ಕದ್ದು ಓಡುತ್ತಾನೆ, ಗೊಂಬೆ ಹುಡುಕಿಕೊಂಡು ಹೊರಡುತ್ತದೆ. ನಾನು ಕೊಪ್ಪಳದವನು, ಕಿನ್ನಾಳ ಇಲ್ಲೇ ಹತ್ತಿರ. ಅಲ್ಲಿ ಚಿತ್ರಗಾರರ ಮನೆಗಳಲ್ಲಿ ಗೊಂಬೆಯ ಕೈಕಾಲು ಬೇರೆಬೇರೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತೋಳಿಲ್ಲದ ಆ ಗೊಂಬೆ ಪರದೆ ಮೇಲೆ ಎದ್ದು ನಿಂತಾಗ, ಯಾರೋ ಅರ್ಧ ಕೆಲಸಕ್ಕೇ ಬಿಟ್ಟುಹೋದ ಗೊಂಬೆ ತಾನಾಗಿ ನಡೆದಂತೆ ಅನಿಸಿತು. ಅಲ್ಲಿಂದ ನನಗೆ ಬಿಡಲಾಗಲಿಲ್ಲ.

ಸಾಮಾನ್ಯ ರಿದಮ್ ಗೇಮ್‌ನಲ್ಲಿ ನೋಟ್, ಅಂದರೆ ಸ್ವರದ ಗುರುತು, ಪರದೆ ಮೇಲೆ ಬಂದಾಗ ಸರಿಯಾದ ಹೊತ್ತಿಗೆ ಒತ್ತಬೇಕು. ಇಲ್ಲಿ ಉಲ್ಟಾ. ಎದುರಾಳಿ ನುಡಿಸುವ ಸಂಗೀತ ಬಣ್ಣಬಣ್ಣದ ನೋಟ್‌ಗಳಾಗಿ ಐದು ಸಾಲಿನಲ್ಲಿ ನಿಮ್ಮ ಕಡೆ ನುಗ್ಗುತ್ತದೆ, ನೀವು ತಪ್ಪಿಸಿಕೊಳ್ಳಬೇಕು. ಎಡಕ್ಕೆ ಸರಿ, ಬಲಕ್ಕೆ ಸರಿ, ಜಿಗಿ, ಇಷ್ಟೇ. ಗೋಡೆಯಂತೆ ಎತ್ತರದ ನೋಟ್ ಬಂದರೆ ಜಿಗಿದು ಪ್ರಯೋಜನವಿಲ್ಲ, ಪಕ್ಕಕ್ಕೇ ಸರಿಯಬೇಕು. ಗಿಟಾರ್ ಹಿಡಿದ ಕಪ್ಪೆಯೊಂದು ಮೊದಲ ಪಾಠ ಕಲಿಸುತ್ತದೆ. ಸ್ವಲ್ಪ ಹೊತ್ತು ಪೆಟ್ಟು ತಿನ್ನದೆ ಇದ್ದರೆ ಜೀವ ತಾನೇ ತುಂಬಿಕೊಳ್ಳುತ್ತದೆ. ಕಷ್ಟದ ಮಟ್ಟವನ್ನೂ ನೀವೇ ಆರಿಸಿಕೊಳ್ಳಬಹುದು. ಅದಕ್ಕೇ ಹೊಸಬರಿಗೂ ಸಾಗುತ್ತದೆ ಅಂದೆ.

ಈ ಗೇಮ್‌ನ ದೊಡ್ಡ ಶಕ್ತಿ ಇರುವುದು ತಾಳದಲ್ಲಿ. ನಮ್ಮ ಕಡೆ ಮೊಹರಂ ಬಂದರೆ ಊರೂರಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ, ಸುತ್ತ ಹಲಗೆ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಮೊದಲು ಪಕ್ಕದವನ ಕಾಲು ನೋಡಿ ಹೆಜ್ಜೆ ಇಡುತ್ತೀರಿ, ತಪ್ಪುತ್ತದೆ. ಯಾವಾಗಲೋ ನೋಡುವುದು ನಿಂತು ಕಿವಿಯೇ ಕಾಲನ್ನು ಎತ್ತಿಡತೊಡಗುತ್ತದೆ. ಎವರ್‌ಹುಡ್‌ನ ಒಳ್ಳೆಯ ಕಾಳಗಗಳಲ್ಲಿ ಆಗುವುದು ಅದೇ. ಕಣ್ಣಿಂದ ಆಡಿದಷ್ಟು ಹೊತ್ತು ಸೋಲುತ್ತೀರಿ, ತಾಳ ಮೈಗೆ ಇಳಿದ ಮೇಲೆ ಬೆರಳು ತಾನೇ ಸರಿಯುತ್ತದೆ. ಎಟಿಎಂ ಯಂತ್ರವೊಂದರ ಜೊತೆಗೂ ಕಾಳಗವಿದೆ. ಇಂಥ ಅಸಂಗತ ಕನಸಿನಂಥ ಜಗತ್ತು ಸಹಜ ಅನಿಸುವುದು ಈ ತಾಳದಿಂದಲೇ.

ಒಂದು ಮಾತು, ಬ್ಲೂಟೂತ್ ಇಯರ್‌ಫೋನ್ ಬೇಡ. ಸದ್ದು 200 ಮಿಲಿಸೆಕೆಂಡ್ ತಡವಾಗಿ ಬಂದರೂ, ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ ಇರುವುದೇ 500 ಮಿಲಿಸೆಕೆಂಡ್. ಹೆಚ್ಚುಕಡಿಮೆ ಅರ್ಧ ಬಡಿತ ಹಿಂದೆ ಬಿದ್ದಿರಿ ಅಂತಾಯಿತು. ನಾನು ಮೊದಲ ದಿನ ಹಾಗೇ ಆಡಿ, ಗೇಮೇ ಸರಿಯಿಲ್ಲ ಅಂದುಕೊಂಡಿದ್ದೆ. ವೈರ್ ಇಯರ್‌ಫೋನ್ ಹಾಕಿದ ಮೇಲೆ ಬೇರೆಯೇ ಗೇಮ್.

ಮುಂದಿನ ಪ್ಯಾರಾದಲ್ಲಿ ಕಥೆಯ ತಿರುವು ಇದೆ, ಬೇಡವಾದರೆ ದಾಟಿಬಿಡಿ.

ಅರ್ಧ ದಾರಿಯಲ್ಲಿ ತೋಳು ಸಿಗುತ್ತದೆ. ಆ ಜಗತ್ತಿನವರೆಲ್ಲ ಸಾವಿಲ್ಲದವರು, ಬದುಕಿ ಬದುಕಿ ದಣಿದವರು. ಅವರನ್ನು ಕೊಂದು ಬಿಡುಗಡೆ ಮಾಡು ಅಂತ ಗೇಮ್ ನಿಮಗೆ ಹೇಳುತ್ತದೆ. ಈಗ ತಪ್ಪಿಸಿಕೊಳ್ಳುವುದಷ್ಟೇ ಅಲ್ಲ, ಒಂದೇ ಬಣ್ಣದ ನೋಟ್‌ಗಳನ್ನು ಆ ಕೈಯಿಂದ ಹೀರಿಕೊಂಡು ಅವರ ಮೇಲೇ ತಿರುಗಿಸಿ ಬಿಡಬೇಕು. ಯಾರ ಜೊತೆ ಹರಟಿದ್ದೆನೋ, ಯಾರ ಹಾಡಿಗೆ ಕುಣಿದಿದ್ದೆನೋ, ಅವರದೇ ಹಾಡಿನಿಂದ ಅವರನ್ನು ಮುಗಿಸಬೇಕು. ನನಗೆ ಒಬ್ಬಿಬ್ಬರ ಮುಂದೆ ನಿಜಕ್ಕೂ ಕೈ ಏಳಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಮರುದಿನ ಬಂದೆ. 2015ರ ಅಂಡರ್‌ಟೇಲ್ ಎಂಬ ಗೇಮ್ ಜೊತೆ ಇದನ್ನು ಎಲ್ಲರೂ ಹೋಲಿಸುತ್ತಾರೆ. ಚಿತ್ರಗಳಲ್ಲಿ, ಮಾತಿನ ಧಾಟಿಯಲ್ಲಿ ಆ ನೆರಳು ಇದೆ ನಿಜ. ಆದರೆ ಅದು ಕೊಲ್ಲದೆ ಬಿಡುವುದರಲ್ಲಿ ಕರುಣೆ ಕಂಡರೆ, ಇದು ಕೊಲ್ಲುವುದೂ ಕರುಣೆ ಆಗಬಹುದಾ ಅಂತ ಕೇಳುತ್ತದೆ. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ನನಗೆ ಬೇಸರವಾಗಿದ್ದೂ ಈ ದ್ವಿತೀಯಾರ್ಧದಲ್ಲೇ. ಇಷ್ಟು ಭಾರದ ವಿಷಯವನ್ನು ಬೆರಳಿಂದಲೇ ಅರ್ಥ ಮಾಡಿಸಿದ ಗೇಮ್, ಆಮೇಲೆ ಪಾತ್ರಗಳ ಬಾಯಲ್ಲಿ ಅದನ್ನೇ ಬಿಡಿಸಿ ಬಿಡಿಸಿ ಹೇಳಿಸುತ್ತದೆ. ಸಾವು, ಶೂನ್ಯ, ಮುಕ್ತಿ ಅಂತ ಉಪದೇಶ ನಡೆಯುವಾಗ, ಇಷ್ಟೊತ್ತು ಸುಮ್ಮನಿದ್ದು ಮೈಯಲ್ಲಿ ಕೂತಿದ್ದ ಮಾತು ಹಗುರಾಗುತ್ತದೆ. ನೋಟ್ ಹೀರುವ ಹೊಸ ಪದ್ಧತಿಯಲ್ಲೂ ಬಣ್ಣ ಲೆಕ್ಕ ಹಾಕುತ್ತಾ ತಾಳ ಕೈಬಿಡುತ್ತದೆ. ನಡುನಡುವೆ ಎಲ್ಲಿಗೆ ಹೋಗಬೇಕು ಗೊತ್ತಾಗದೆ ಅದೇ ಕೋಣೆಗಳನ್ನು ಸುತ್ತಿದ್ದೂ ಇದೆ. ಕನ್ನಡ ಇಲ್ಲ, ಆದರೆ ಸಂಭಾಷಣೆ ಚಿಕ್ಕ ಚಿಕ್ಕ ಸಾಲು, ಸಾಧಾರಣ ಇಂಗ್ಲಿಷ್ ಸಾಕು.

ಇದಕ್ಕಿಂತ ಮುಖ್ಯವಾದದ್ದು ಬೆಳಕು. ಕೆಲವು ಕಾಳಗಗಳಲ್ಲಿ ಪರದೆಯೆಲ್ಲ ಮಿಂಚುತ್ತದೆ, ತಿರುಚುತ್ತದೆ. ಶುರುವಿನಲ್ಲೇ ಎಚ್ಚರಿಕೆ ಬರುತ್ತದೆ, ಒತ್ತಿ ಮುಂದೆ ಹೋಗಬೇಡಿ, ಓದಿ. ನಮ್ಮ ಮನೆಯಲ್ಲಿ ಫಿಟ್ಸ್ ಬರುವ ಹುಡುಗ ಒಬ್ಬನಿದ್ದಾನೆ. ಅವನು ಪಕ್ಕ ಬಂದು ಕೂತಾಗ ನಾನು ಆಟ ನಿಲ್ಲಿಸಿಬಿಡುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂರ್ಛೆಯ ತೊಂದರೆ ಇದ್ದರೆ ಅವರೆದುರು ಆಡಲೇಬೇಡಿ. ನಿಮಗೇ ಇದ್ದರೆ ಈ ಗೇಮ್ ತಗೊಳ್ಳಬೇಡಿ. ದೀಪ ಆರಿಸಿ ಆಡಬೇಡಿ ಅಂತಲೂ ಹೇಳುತ್ತೇನೆ, ಒಂದು ರಾತ್ರಿ ಹಾಗೆ ಆಡಿ ತಲೆನೋವು ಬೆಳಗಿನವರೆಗೂ ಇತ್ತು.

ನನಗೆ ಮುಗಿಸಲು ಸುಮಾರು 8 ಗಂಟೆ ಹಿಡಿಯಿತು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ತಗೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕೈಗೆ ತಾಳ ಹತ್ತುತ್ತದಾ ಇಲ್ಲವಾ ತಿಳಿಯಲು ಅಷ್ಟು ಸಮಯ ಸಾಕು. ಕಥೆ ಮಾತ್ರ ಅಷ್ಟರಲ್ಲಿ ಬಾಯಿ ಬಿಡುವುದಿಲ್ಲ. ಮೊದಲ 2 ಗಂಟೆಯ ವಿಚಿತ್ರಗಳು ಅರ್ಥವಿಲ್ಲದವು ಅನಿಸಿ ವಾಪಸ್ ಮಾಡಬೇಕು ಅನಿಸಿದರೆ, ಹಾಡುಗಳು ಹಿಡಿಸಿದ್ದವಾ ಅಂತ ಒಮ್ಮೆ ಕೇಳಿಕೊಳ್ಳಿ. ಹಿಡಿಸಿದ್ದರೆ ವಾಪಸ್ ಮಾಡಬೇಡಿ, ತೋಳು ಸಿಗುವವರೆಗೆ ಆಡಿ.