ಸರ್ಬಿಯಾದ ವೀರಗಾಥೆಗಳನ್ನು ಕೊಸೊವೊ ಯುದ್ಧದಿಂದಲೇ ಓದಲು ಶುರು ಮಾಡಬೇಕೇ?

ಬೇಡ. ಎಲ್ಲರೂ ಕೊಸೊವೊ ಪದಗಳನ್ನೇ, ಅಂದರೆ ಆ ಯುದ್ಧದ ಹಾಡುಗಳನ್ನೇ, ಮೊದಲು ಓದಿ ಅನ್ನುತ್ತಾರೆ, ನಿಜ. ಆದರೆ 1389ರ ಆ ಯುದ್ಧದಲ್ಲಿ ಮಡಿದ ಸರ್ಬರ ಲಾಜರ್ ದೊರೆ ಯಾರು, ತುರ್ಕರ ಸುಲ್ತಾನ ಮುರಾದನನ್ನು ಕೊಂದನೆಂದು ಹಾಡುವ ಮಿಲೋಶ್ ಯಾರು ಅಂತ ಗೊತ್ತಿಲ್ಲದ ನಮ್ಮಂಥವರಿಗೆ ಅವು ಅಷ್ಟು ಬೇಗ ಹತ್ತುವುದಿಲ್ಲ. ಸ್ಕದರ್ (ಇಂದಿನ ಅಲ್ಬೇನಿಯಾದ ಶ್ಕೊದರ್) ಕೋಟೆ ಕಟ್ಟಿದ ಪದವನ್ನು ಮೊದಲು ಹಿಡಿಯಿರಿ.

ಬೊಯಾನಾ ನದಿಯ ದಂಡೆಯಲ್ಲಿ ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟಿಸುತ್ತಿರುತ್ತಾರೆ. ಹಗಲು ಎದ್ದ ಗೋಡೆಯನ್ನು ರಾತ್ರಿ ‘ವೀಲಾ’ ಎಂಬ ಬೆಟ್ಟದ ದೇವತೆ ಕೆಡವುತ್ತಾಳೆ. ಕೊನೆಗೆ ಅವಳ ಬೇಡಿಕೆ ಇದು: ನಾಳೆ ಕೆಲಸದವರಿಗೆ ಬುತ್ತಿ ತರುವ ಸೊಸೆ ಗೋಡೆಯೊಳಗೆ ಹೋಗಬೇಕು. ಹೆಂಡಿರ ಹತ್ತಿರ ಬಾಯಿ ಬಿಡುವುದಿಲ್ಲವೆಂದು ಮೂವರೂ ಆಣೆ ಇಡುತ್ತಾರೆ. ಹಿರಿಯರಿಬ್ಬರು ಅವತ್ತೇ ಮಾತು ಮುರಿಯುತ್ತಾರೆ, ಕಿರಿಯವ ಗೊಯ್ಕೊ ಮುರಿಯುವುದಿಲ್ಲ. ಬುತ್ತಿ ತಂದವಳು ಅವನ ಹೆಂಡತಿ, ಎಳೆಗೂಸಿನ ತಾಯಿ. ಗೋಡೆ ಮೊಣಕಾಲಿಗೆ ಬಂದರೂ ತಮಾಷೆ ಅಂದುಕೊಂಡು ನಗುತ್ತಾಳೆ. ಸೊಂಟಕ್ಕೆ ಬಂದಾಗ ತಿಳಿಯುತ್ತದೆ. ಕೂಸಿಗೆ ಹಾಲೂಡಲು ಎದೆಯ ಹತ್ತಿರ ಕಿಂಡಿ ಬಿಡು, ಮನೆಯ ಕಡೆ ನೋಡಲು ಕಣ್ಣಿನ ಹತ್ತಿರ ಬಿಡು ಎಂದು ಮೇಸ್ತ್ರಿಯನ್ನು ಬೇಡುತ್ತಾಳೆ.

‘ಕೆರೆಗೆ ಹಾರ’ ಕೇಳಿದವರಿಗೆ ಇಲ್ಲಿ ಮೈ ಜುಮ್ಮೆನ್ನದೆ ಇರದು. ಅಲ್ಲೂ ಕಿರಿಸೊಸೆಯೇ, ಅಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾವೇ. ಆದರೆ ಭಾಗೀರಥಿ ತಿಳಿದೇ ಹೋದಳು. ಅವಳ ಗಂಡ ದಂಡಿನಲ್ಲಿದ್ದ, ಬಂದು ಕೆರೆಗೆ ಹಾರಿದ. ಗೊಯ್ಕೊ ಕಣ್ಣೀರಿಡುತ್ತ ಅಲ್ಲೇ ಇದ್ದಾನೆ. ನನಗೆ ಇದೇ ಹೆಚ್ಚು ಕ್ರೂರ ಅನಿಸುತ್ತದೆ.

ಜನಪದ ಕತೆಗಳನ್ನು ಸಂಗ್ರಹಿಸಿದ ಜರ್ಮನಿಯ ಯಾಕೋಬ್ ಗ್ರಿಮ್ ಈ ಪದಕ್ಕೆ ಮಾರುಹೋಗಿದ್ದ. ಇದನ್ನು ಬರೆದುಕೊಂಡವನು ಸರ್ಬಿಯಾದ ವಿದ್ವಾಂಸ ವೂಕ್ ಕರಾಜಿಚ್. ಅವನ ಮೊದಲ ಸಂಗ್ರಹ 1814ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಅವನಿಗೆ ಹಾಡಿಕೊಟ್ಟವರಲ್ಲಿ ಕುರುಡರು ಹಲವರು. ಫಿಲಿಪ್ ವಿಶ್ನಿಚ್ ಅಂಥವನೇ, ತನ್ನ ಕಾಲದಲ್ಲೇ ಸರ್ಬರು ತುರ್ಕರ ಆಳ್ವಿಕೆಯ ವಿರುದ್ಧ ಎದ್ದ 1804ರ ದಂಗೆಯನ್ನು ಪದ ಕಟ್ಟಿದವನು.

ಓದಿ ಸುಮ್ಮನಾಗಬೇಡಿ, ಕೇಳಿ. ಈ ಪದಗಳ ಜೊತೆ ನುಡಿಸುವ ವಾದ್ಯ ಗುಸ್ಲೆ; ಅದಕ್ಕೆ ಕುದುರೆ ಕೂದಲಿನ ಒಂದೇ ತಂತಿ, ಕಮಾನಿನಿಂದ ನುಡಿಸುತ್ತಾರೆ. ಪದದ ಸಾಲಿಗೆ ಹತ್ತು ಅಕ್ಷರ, ನಾಲ್ಕರ ಮೇಲೆ ಸಣ್ಣ ತಡೆ. ಅನುವಾದದಲ್ಲಿ ಈ ತಡೆಯೇ ಮಾಯ. ಮೊದಲಿಗೆ ಕಿವಿಗೆ ಒರಟು, ಆಮೇಲೆ ಪದವೇ ಎಳೆದುಕೊಂಡು ಹೋಗುತ್ತದೆ.

ಆಮೇಲೆ ರಾಜಕುವರ ಮಾರ್ಕೊನ ಪದಗಳಿಗೆ ಹೋಗಿ. ವೈನಿನಲ್ಲಿ ಅರ್ಧ ತಾನು ಕುಡಿದು ಅರ್ಧ ತನ್ನ ಕುದುರೆ ಶಾರತ್ಸ್‌ಗೆ ಕುಡಿಸುವವನು. ಪದಗಳಲ್ಲಿ ತುರ್ಕರನ್ನು ನಡುಗಿಸುವ ಈ ವೀರ ಇತಿಹಾಸದಲ್ಲಿ ಸುಲ್ತಾನನ ಸಾಮಂತ. 1395ರಲ್ಲಿ ರೋವಿನೆ ಯುದ್ಧದಲ್ಲಿ ತುರ್ಕರ ಕಡೆಯೇ ನಿಂತು ಸತ್ತ. ಕೊಸೊವೊ ಅದರ ನಂತರ ಸಾಕು.