ಸಂಪಾದಕರ ಉತ್ತರ: ರಿಚರ್ಡ್ ರೈಟ್ ಮತ್ತು ಒಂದು ಅರ್ಧ ವಾಕ್ಯ

ಪತ್ರದ ಸಾರ: ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ಮೊದಲ ಸ್ವಂತ ಆಲ್ಬಂ ‘ವೆಟ್ ಡ್ರೀಮ್’ಗೆ ಸಿಕ್ಕಿರುವುದು ‘ಯಾರ ಗಮನಕ್ಕೂ ಬಾರದೆ ಹೋದ ಪ್ರಯತ್ನ’ ಎಂಬ ಅರ್ಧ ವಾಕ್ಯ ಮಾತ್ರ. ಬರೆದವರು ಆಲ್ಬಂ ಕೇಳಿದ್ದಾರೆಯೇ? ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಅಷ್ಟು ಸೊಗಸಾದ ಗಿಟಾರ್ ಇರುವ ಆಲ್ಬಂ ಅದು. ತಂಡದ ಬಾಸ್ ವಾದಕ, ಮುಖ್ಯ ಗೀತರಚನೆಕಾರ ರೋಜರ್ ವಾಟರ್ಸ್ ಅವರ ದರ್ಪಕ್ಕೆ ಸಿಕ್ಕಿ ಅದು ಮೂಲೆಗುಂಪಾಯಿತು ಎಂಬುದನ್ನಾದರೂ ನೀವು ಬರೆಯಬೇಕಿತ್ತು.
– ಓದುಗರೊಬ್ಬರು, ಶಿವಮೊಗ್ಗ

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಲೇಖನ ಬರೆದವನು ನಾನೇ, ಮತ್ತು ಆ ಅರ್ಧ ವಾಕ್ಯವನ್ನು ಬರೆಯುವಾಗ ನಾನು ಆಲ್ಬಮ್ಮನ್ನು ಪೂರ್ತಿಯಾಗಿ ಕೇಳಿರಲಿಲ್ಲ. ಬಹಳ ವರ್ಷಗಳ ಹಿಂದೆ ಗೆಳೆಯರೊಬ್ಬರ ಮನೆಯಲ್ಲಿ, ಕಾಫಿಯ ಜೊತೆಗೆ, ಮೊದಲ ಮೂರೋ ನಾಲ್ಕೋ ರಚನೆಗಳು ಕಿವಿಗೆ ಬಿದ್ದಿದ್ದವು. ಆ ನೆನಪಿನ ಬಲದ ಮೇಲೆಯೇ ತೀರ್ಪು ಕೊಟ್ಟುಬಿಟ್ಟೆ. ನಿಮ್ಮ ಪತ್ರ ಬಂದ ಮೇಲೆ ಹತ್ತೂ ರಚನೆಗಳನ್ನು ಅವು ಇರುವ ಕ್ರಮದಲ್ಲಿಯೇ ನಾಲ್ಕು ಸಲ ಕೇಳಿದೆ. ತಪ್ಪು ನನ್ನದು. ಆದರೆ ನಿಮ್ಮ ಪತ್ರದಲ್ಲಿರುವ ಎರಡು ಮಾತುಗಳನ್ನು ನಾನು ಒಪ್ಪಲಾರೆ, ಅದಕ್ಕಾಗಿಯೇ ಈ ಉತ್ತರ ಉದ್ದವಾಗುತ್ತಿದೆ.

ಒಂದನೆಯದು ಚಿಕ್ಕದು. ‘ವೆಟ್ ಡ್ರೀಮ್’ನಲ್ಲಿ ಗಿಟಾರ್ ನುಡಿಸಿದವರು ಗಿಲ್ಮೋರ್ ಅಲ್ಲ, ಸ್ನೋಯಿ ವೈಟ್. ಫ್ಲಾಯ್ಡ್ ತಂಡ 1977ರಲ್ಲಿ ‘ಆನಿಮಲ್ಸ್’ ಆಲ್ಬಮ್ಮಿನ ಹಾಡುಗಳೊಂದಿಗೆ ಯೂರೋಪು ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿದಾಗ ವೇದಿಕೆಯ ಮೇಲೆ ಹೆಚ್ಚುವರಿ ಗಿಟಾರ್ ವಾದಕರಾಗಿದ್ದವರು ಅವರು. ನಿಮ್ಮ ಕಿವಿ ಮೋಸಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ವರವನ್ನು ಎಳೆದು, ತಡೆದು, ಮೆಲ್ಲಗೆ ಬಿಡುವ ಆ ಬ್ಲೂಸ್ ರೀತಿ ಇಬ್ಬರಿಗೂ ಸಮಾನವಾದದ್ದು. ಸ್ಯಾಕ್ಸೊಫೋನ್ ಮತ್ತು ಕೊಳಲು ಮೆಲ್ ಕಾಲಿನ್ಸ್ ಅವರದು, ಬಾಸ್ ಲ್ಯಾರಿ ಸ್ಟೀಲ್ ಅವರದು, ಡ್ರಮ್ಸ್ ರೆಗ್ ಇಸಿಡೋರ್ ಅವರದು. ಫ್ಲಾಯ್ಡ್ ತಂಡದ ಉಳಿದ ಮೂವರಲ್ಲಿ ಒಬ್ಬರೂ ಇದರಲ್ಲಿ ಇಲ್ಲ. ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇರಬಹುದು. ಫ್ರಾನ್ಸಿನ ನೀಸ್ ನಗರದ ಮೇಲಿನ ಬೆಟ್ಟಗಳಲ್ಲಿ ಸೂಪರ್ ಬೇರ್ ಎಂಬ ಸ್ಟುಡಿಯೊ ಇತ್ತು. ಗಿಲ್ಮೋರ್ ತಮ್ಮ ಮೊದಲ ಸ್ವಂತ ಆಲ್ಬಮ್ಮನ್ನು ಅಲ್ಲಿ ಮುಗಿಸಿದ ಬೆನ್ನಿಗೆ, 1978ರ ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲಿ, ರೈಟ್ ಅದೇ ಸ್ಟುಡಿಯೊದಲ್ಲಿ ತಮ್ಮದನ್ನು ಧ್ವನಿಮುದ್ರಿಸಿಕೊಂಡರು. ಗಿಲ್ಮೋರ್ ಅವರ ಆಲ್ಬಂ ಮೇ ತಿಂಗಳಲ್ಲಿ ಹೊರಬಂದು ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 17ನೆಯ ಸ್ಥಾನಕ್ಕೆ ಏರಿತು. ರೈಟ್ ಅವರದು ಸೆಪ್ಟೆಂಬರಿನಲ್ಲಿ ಬಂತು, ಅದೇ ಪಟ್ಟಿಯ ಹೊಸ್ತಿಲನ್ನೂ ತುಳಿಯಲಿಲ್ಲ.

ಎರಡನೆಯ ಮಾತು, ವಾಟರ್ಸ್ ಅವರ ದರ್ಪದ್ದು, ಅಷ್ಟು ಸುಲಭದ್ದಲ್ಲ. ಆ ಹೊತ್ತಿಗೆ ತಂಡದೊಳಗೆ ರೈಟ್ ಹಿಂದಕ್ಕೆ ಸರಿದಿದ್ದರು ಎಂಬುದು ನಿಜ. ತಂಡದ 1973ರ ಆಲ್ಬಂ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನ ಕಾಲಕ್ಕೆ ಎರಡು ಮುಖ್ಯ ಹಾಡುಗಳ ಸಂಗೀತವನ್ನು ಕೊಟ್ಟಿದ್ದವರ ಹೆಸರು, ನಾಲ್ಕೇ ವರ್ಷಗಳ ನಂತರ ಬಂದ ‘ಆನಿಮಲ್ಸ್’ನ ಒಂದು ರಚನೆಯ ಕೆಳಗೂ ಇಲ್ಲ. ಆದರೆ ತಂಡದೊಳಗಿನ ಈ ಕಥೆಯನ್ನೇ ತಂದು ಆಲ್ಬಮ್ಮಿನ ಸೋಲಿಗೂ ಅಂಟಿಸಿದರೆ, ಆ ಆಲ್ಬಂ ಏನಾಗಿದೆ ಎಂಬುದನ್ನು ನಾವು ಕೇಳುವುದೇ ಇಲ್ಲ. ಇದನ್ನು ತಯಾರಿಸಿದವರು ಸ್ವತಃ ರೈಟ್. ಇಲ್ಲಿ ಅವರ ಕೈ ತಡೆಯುವವರು ಯಾರೂ ಇರಲಿಲ್ಲ. ಇಷ್ಟಿದ್ದೂ ಅದು ತನ್ನತ್ತ ಜನರನ್ನು ಕೂಗಿ ಕರೆಯುವುದಿಲ್ಲ. ಕಾರಣ ಆ ಮನುಷ್ಯನ ಸಂಗೀತದ ಸ್ವಭಾವದಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಆ ಸ್ವಭಾವ ಏನೆಂಬುದಕ್ಕೆ ಒಂದೇ ಸ್ವರದ ಉದಾಹರಣೆ ಸಾಕು. 1971ರ ‘ಮೆಡಲ್’ ಆಲ್ಬಮ್ಮಿನ ಎರಡನೆಯ ಬದಿಯನ್ನು ಪೂರ್ತಿ ಆವರಿಸಿರುವ ‘ಎಕೋಸ್’ ಹೇಗೆ ಆರಂಭವಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಪಿಯಾನೊದ ಮೇಲ್ತುದಿಯ ಒಂದು ಮನೆಯನ್ನು ರೈಟ್ ಒತ್ತುತ್ತಾರೆ, ಆ ಧ್ವನಿ ಆರ್ಗನ್ನಿಗೆಂದು ಮಾಡಿದ ತಿರುಗುವ ಲೆಸ್ಲಿ ಸ್ಪೀಕರಿನೊಳಗೆ ಹಾದುಹೋಗಿ, ಆಳದ ನೀರಿನಲ್ಲಿ ಹನಿ ಬಿದ್ದಂತೆ ಕೇಳಿಸುತ್ತದೆ. ಸ್ವಲ್ಪ ಮೌನ, ಮತ್ತೆ ಅದೇ ಸ್ವರ. ಇಪ್ಪತ್ತಮೂರು ನಿಮಿಷಗಳನ್ನು ಮೀರುವ ರಚನೆ ಆ ಒಂದು ಹನಿಯ ಮೇಲೆ ನಿಂತಿದೆ. ಕೇಳುಗರಿಗೆ ನೆನಪಿನಲ್ಲಿ ಉಳಿಯುವುದು ಮಾತ್ರ ಆಮೇಲೆ ಬರುವ ಗಿಟಾರ್. ನಮ್ಮ ಹಿಂದೂಸ್ತಾನಿ ಬೈಠಕ್ಕುಗಳಲ್ಲಿ ಹಾರ್ಮೋನಿಯಂ ಸಾಥಿಗೆ ಕುಳಿತವರ ಪಾಡೂ ಇದೇ ಅಲ್ಲವೇ? ಗಾಯಕರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಸ್ವರ ಹಿಡಿದು ನಿಲ್ಲಿಸಿದವರು ಅವರು, ‘ವಾಹ್’ ಎಂಬ ಉದ್ಗಾರ ಸಲ್ಲುವುದು ಗಾಯಕರಿಗೆ.

ತಮಾಷೆಯೆಂದರೆ, ಮುಖಪುಟದ ಮೇಲೆ ತಮ್ಮೊಬ್ಬರದೇ ಹೆಸರಿರುವ ಆಲ್ಬಮ್ಮಿನಲ್ಲಿಯೂ ರೈಟ್ ಸಾಥಿಯವರ ಜಾಗವನ್ನು ಬಿಟ್ಟು ಕದಲುವುದಿಲ್ಲ. ಹತ್ತು ರಚನೆಗಳಲ್ಲಿ ಮಾತಿರುವ ಹಾಡುಗಳು ನಾಲ್ಕೇ. ಉಳಿದ ಆರು ಬರಿಯ ವಾದ್ಯಸಂಗೀತ, ಅವುಗಳಲ್ಲಿಯೂ ಮುನ್ನೆಲೆಯನ್ನು ಅವರು ಹೆಚ್ಚಾಗಿ ಕಾಲಿನ್ಸ್ ಮತ್ತು ವೈಟ್ ಅವರಿಗೆ ಬಿಟ್ಟುಕೊಡುತ್ತಾರೆ. ಮೊದಲ ರಚನೆ ‘ಮೆಡಿಟರೇನಿಯನ್ ಸಿ’ಯ ಹೆಸರಿನಲ್ಲಿಯೇ ಒಂದು ಶ್ಲೇಷೆ ಇದೆ: ಇಂಗ್ಲಿಷಿನಲ್ಲಿ ಅದು ಕಡಲೂ ಹೌದು, ‘ಸಿ’ ಎಂಬ ಸ್ವರವೂ ಹೌದು. ಪಿಯಾನೊ ನಿಧಾನವಾಗಿ ದಡ ಕಟ್ಟುತ್ತದೆ, ಗಿಟಾರ್ ಬಂದು ಅದರ ಮೇಲೆ ನಡೆಯುತ್ತದೆ. ‘ಕ್ಯಾಟ್ ಕ್ರೂಸ್’ನಲ್ಲಿ ಸ್ಯಾಕ್ಸೊಫೋನು ಮತ್ತು ಗಿಟಾರು ಸರದಿಯಂತೆ ಮಾತಾಡುವಾಗ ಹಿಂದಿರುವ ಕೀಬೋರ್ಡನ್ನು ನಾನು ಮೊದಲ ಎರಡು ಸಲ ಗಮನಿಸಿಯೇ ಇರಲಿಲ್ಲ. ಮೂರನೆಯ ಸಲ ಬೇಕೆಂದೇ ಅದೊಂದನ್ನೇ ಹಿಂಬಾಲಿಸಿ ಕೇಳಿದೆ. ಮೇಲಿನ ವಾದ್ಯಗಳು ಇರುವಲ್ಲೇ ಇರುವಾಗ ಕೆಳಗೆ ಅದರ ಸ್ವರಮೇಳ ಸದ್ದಿಲ್ಲದೆ ಸರಿಯುತ್ತದೆ, ಅದುವರೆಗೆ ಹಗುರಾಗಿ ಸಾಗಿದ್ದ ರಾಗಕ್ಕೆ ಒಮ್ಮೆಗೇ ಮೋಡ ಕವಿದಂತಾಗುತ್ತದೆ. ಜಾಜ್ ಸಂಗೀತವನ್ನು ಮನಸಾರೆ ಕೇಳಿ ಬೆಳೆದವರ ಕೈಚಳಕ ಅದು. ‘ಡಾರ್ಕ್ ಸೈಡ್’ನ ‘ಬ್ರೀದ್’ ಹಾಡಿನ ಒಂದು ಸ್ವರಮೇಳವನ್ನು ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ನಿಂದ ಕಲಿತದ್ದಾಗಿ ಅವರೇ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ.

ನಾಲ್ಕು ಹಾಡುಗಳ ಪೈಕಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ‘ಅಗೇನ್ಸ್ಟ್ ದ ಆಡ್ಸ್’. ಜಗಳವಾಡಿ ಜಗಳವಾಡಿ ದಣಿದ ಇಬ್ಬರ ಹಾಡು ಅದು. ಸಾಹಿತ್ಯದ ಕೆಳಗೆ ರೈಟ್ ಅವರ ಜೊತೆಗೆ ಅವರ ಪತ್ನಿ ಜೂಲಿಯೆಟ್ ಅವರ ಹೆಸರೂ ಇದೆ. ತಮ್ಮ ನಡುವಿನ ಬಿರುಕನ್ನೇ ಗಂಡ ಹೆಂಡತಿ ಒಟ್ಟಿಗೆ ಕುಳಿತು ಬರೆದರೋ ಏನೋ ಎಂಬ ಅನುಮಾನ ಕೇಳುಗರಿಗೆ ಬಂದೇ ಬರುತ್ತದೆ. ನಾಲ್ಕು ವರ್ಷಗಳ ನಂತರ, 1982ರಲ್ಲಿ, ಅವರು ಬೇರೆಯಾದರು. ಆದರೂ ರೈಟ್ ಅವರ ಕಂಠದಲ್ಲಿ ದೂರಿಲ್ಲ, ಅಳಲಿಲ್ಲ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುವಾಗ ದೊಡ್ಡವರು ಮಾತಾಡುವ ದನಿ ಅದು. ಇದೇ ಹಾಡನ್ನು ವಾಟರ್ಸ್ ಹಾಡಿದ್ದರೆ ಮನೆಯ ಪಾತ್ರೆಗಳೆಲ್ಲ ಉರುಳುತ್ತಿದ್ದವು, ಪ್ರಾಯಶಃ ನಾವೂ ಅಂದೇ ಕಿವಿಗೊಡುತ್ತಿದ್ದೆವು.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ‘ಅಗೇನ್ಸ್ಟ್ ದ ಆಡ್ಸ್’ ಬಿಟ್ಟರೆ ಸಾಹಿತ್ಯ ಸಾಧಾರಣವಾದದ್ದು. ತಮ್ಮ ಆ ದೌರ್ಬಲ್ಯವನ್ನು ರೈಟ್ ಅವರೇ ಮುಂದೆ ಒಪ್ಪಿಕೊಂಡಿದ್ದರು. ‘ಡ್ರಾಪ್ ಇನ್ ಫ್ರಮ್ ದ ಟಾಪ್’ ಮತ್ತು ಕೊನೆಯ ‘ಫಂಕಿ ಡ್ಯೂ’ ಒಳ್ಳೆಯ ವಾದಕರು ಬಿಡುವಿನಲ್ಲಿ ಸೇರಿ ನುಡಿಸಿದಂತಿವೆಯೇ ಹೊರತು ಎಲ್ಲಿಗೂ ತಲುಪುವುದಿಲ್ಲ. ಆಲ್ಬಮ್ಮಿನ ಹೆಸರಿನ ದ್ವಂದ್ವಾರ್ಥವಂತೂ ಒಳಗಿರುವ ಸಂಗೀತಕ್ಕೆ ಒಂದಿಷ್ಟೂ ಒಪ್ಪುವುದಿಲ್ಲ. ಇಷ್ಟು ಸಭ್ಯವಾದ ಆಲ್ಬಮ್ಮಿಗೆ ಇಷ್ಟು ಪೋಲಿ ಹೆಸರಿಟ್ಟದ್ದೇಕೋ. ಕಾಲವೂ ಒದಗಿಬರಲಿಲ್ಲ. 1978ರ ಬ್ರಿಟನ್ನಿನಲ್ಲಿ ಪಂಕ್ ಸಂಗೀತದ ಹುಡುಗರು ಫ್ಲಾಯ್ಡ್ ತಂಡವನ್ನೇ ಹಳೆಯ ಸರಕೆಂದು ಗೇಲಿ ಮಾಡುತ್ತಿದ್ದಾಗ, ಅದೇ ತಂಡದ ಅತ್ಯಂತ ಮಿತಭಾಷಿ ಸದಸ್ಯನ ಕಡಲಯಾನದ ಸಂಗೀತಕ್ಕೆ ಯಾರು ಕಾದಿರುತ್ತಾರೆ?

ವಾಟರ್ಸ್ ಈ ಕಥೆಯೊಳಗೆ ಬರುವುದು ಆಲ್ಬಂ ಬಂದ ಮರುವರ್ಷ. ‘ಹಾಲಿಡೇ’ ಎಂಬ ಹಾಡಿನಲ್ಲಿ ದಡದ ಜಂಜಾಟವನ್ನು ಬಿಟ್ಟು ಹಾಯಿದೋಣಿಯಲ್ಲಿ ಹೊರಟುಬಿಡುವ ಹಂಬಲವಿದೆ. ಹಾಯಿದೋಣಿಯ ಹುಚ್ಚು ರೈಟ್ ಅವರಿಗೆ ಕೊನೆಯವರೆಗೂ ಇತ್ತು. 1979ರ ಬೇಸಿಗೆಯಲ್ಲಿ ತಂಡದ ‘ದ ವಾಲ್’ ಆಲ್ಬಮ್ಮಿನ ಧ್ವನಿಮುದ್ರಣ ನಡೆದಿದ್ದಾಗ, ರಜೆಯನ್ನು ಮೊಟಕುಗೊಳಿಸಿ ಕೆಲಸಕ್ಕೆ ಬರಬೇಕೆಂಬ ಕರೆ ಅವರಿಗೆ ಹೋಯಿತು. ಅವರು ಒಪ್ಪಲಿಲ್ಲ. ಅವರು ತಂಡವನ್ನು ಬಿಡಲೇಬೇಕೆಂದು ವಾಟರ್ಸ್ ಪಟ್ಟು ಹಿಡಿದರು. ರಜೆಯೊಂದೇ ಕಾರಣವಾಗಿರಲಿಲ್ಲ, ಧ್ವನಿಮುದ್ರಣದಲ್ಲಿ ಅವರಿಂದ ಹೆಚ್ಚೇನೂ ಬರುತ್ತಿಲ್ಲ ಎಂಬ ದೂರು ಮೊದಲೇ ಇತ್ತು. ಆಮೇಲಿನ ‘ದ ವಾಲ್’ ಪ್ರದರ್ಶನಗಳಲ್ಲಿ ಅವರು ಸಂಬಳಕ್ಕೆ ನುಡಿಸಿದರು. ಆ ಭಾರಿ ಪ್ರದರ್ಶನಗಳು ನಷ್ಟದಲ್ಲಿ ಮುಗಿದು, ನಷ್ಟವನ್ನು ಉಳಿದ ಮೂವರು ಹೊತ್ತುಕೊಂಡದ್ದರಿಂದ, ನಾಲ್ವರಲ್ಲಿ ಕೈಗೆ ಕಾಸು ಬಂದದ್ದು ಸಂಬಳದವರೊಬ್ಬರಿಗೇ! ಹಾಗಾಗಿ ಅನ್ಯಾಯದ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ‘ವೆಟ್ ಡ್ರೀಮ್’ ಅದಾಗಲೇ ಮಾರಾಟವಾಗದೆ ಉಳಿದುಬಿಟ್ಟಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

1984ರಲ್ಲಿ ಡೇವ್ ಹ್ಯಾರಿಸ್ ಅವರೊಂದಿಗೆ ‘ಝೀ’ ಎಂಬ ಹೆಸರಿನಲ್ಲಿ ಮಾಡಿದ ಆಲ್ಬಮ್ಮನ್ನು ನೀವು ಬಿಟ್ಟರೂ ನಷ್ಟವಿಲ್ಲ. 1996ರ ‘ಬ್ರೋಕನ್ ಚೈನಾ’ವನ್ನು ಮಾತ್ರ ಬಿಡಬೇಡಿ, ತಮ್ಮ ಹತ್ತಿರದವರ ಖಿನ್ನತೆಯನ್ನು ಕುರಿತು ಅವರು ಮಾಡಿದ ಗಂಭೀರವಾದ ಕೆಲಸ ಅದು, ಎರಡು ಹಾಡುಗಳನ್ನು ಶಿನೇಡ್ ಒ'ಕಾನರ್ ಹಾಡಿದ್ದಾರೆ. ರೈಟ್ ತೀರಿಕೊಂಡದ್ದು 2008ರ ಸೆಪ್ಟೆಂಬರ್ 15ರಂದು.

ಆಲ್ಬಂ ಈಗ ಎಲ್ಲಿ ಸಿಗುತ್ತದೆ ಎಂದು ಬೇರೆ ಓದುಗರು ಕೇಳಬಹುದು. ರೈಟ್ ಬದುಕಿದ್ದರೆ ಎಂಬತ್ತು ತುಂಬುತ್ತಿದ್ದ 2023ರ ಜುಲೈಯಲ್ಲಿ, ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಧ್ವನಿಮುದ್ರಣವನ್ನು ಹೊಸದಾಗಿ ಮಿಶ್ರಣ ಮಾಡಿಕೊಟ್ಟ ಆವೃತ್ತಿ ಹೊರಬಂದಿದೆ. ನಾನು ಮೇಲೆ ಹೇಳಿದ ‘ಕ್ಯಾಟ್ ಕ್ರೂಸ್’ನ ಕೀಬೋರ್ಡನ್ನು ಹಿಡಿದದ್ದು ಅದರಲ್ಲಿ, ಅದೂ ಇಯರ್‌ಫೋನ್ ಹಾಕಿಕೊಂಡು, ರಾತ್ರಿ ಹತ್ತರ ಮೇಲೆ. ಹಗಲು ಕಚೇರಿಯ ಫ್ಯಾನಿನ ಸದ್ದಿನಲ್ಲಿ ಅದು ಮತ್ತೆ ಕಳೆದುಹೋಯಿತು.

‘ಯಾರ ಗಮನಕ್ಕೂ ಬಾರದೆ ಹೋದ ಪ್ರಯತ್ನ’ ಎಂಬುದನ್ನು ‘ಈ ಲೇಖಕನ ಗಮನಕ್ಕೆ ಬಾರದೆ ಹೋದ ಆಲ್ಬಂ’ ಎಂದು ತಿದ್ದಿಕೊಂಡು ಓದಬೇಕೆಂದು ಎಲ್ಲ ಓದುಗರನ್ನು ಕೇಳಿಕೊಳ್ಳುತ್ತೇನೆ. ನೀವೂ ಗಿಲ್ಮೋರ್ ಅವರ ಹೆಸರನ್ನು ಹೊಡೆದುಹಾಕಿ ಸ್ನೋಯಿ ವೈಟ್ ಎಂದು ಬರೆದುಕೊಂಡರೆ ನಮ್ಮಿಬ್ಬರ ಲೆಕ್ಕ ಚುಕ್ತಾ.

– ಸಂಪಾದಕ