ಚಿಕ್ಕಂದಿನಿಂದಲೂ ನನ್ನನ್ನು ಬಿಡದ ಮೀನು, ಸೀಲಕ್ಯಾಂತ್

ಟಿವಿಯಲ್ಲಿ ನೋಡಿದ ಯಾವ ಪ್ರಾಣಿ ನಿಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ, ಯಾಕೆ ಅಂತ ಕೇಳಿದ್ದೀರಿ. ನನಗೆ ಸೀಲಕ್ಯಾಂತ್. ಮನೆಗೆ ಕೇಬಲ್ ಬಂದ ಹೊಸತರಲ್ಲಿ ನೋಡಿದ್ದು, ಇವತ್ತಿಗೂ ಅದರ ಬಗ್ಗೆ ಏನೇ ಬಂದರೂ ಕೆಲಸ ಬಿಟ್ಟು ಕೂರುತ್ತೇನೆ.

ಇದು ಸಿಕ್ಕಿದ ಕಥೆ ಸುಮಾರು ಜನಕ್ಕೆ ಗೊತ್ತು. ಡೈನೋಸಾರ್‌ಗಳ ಜೊತೆಗೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇದರ ವಂಶವೇ ಮುಗಿಯಿತು ಅಂದುಕೊಂಡಿದ್ದರು. 1938ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಹತ್ತಿರ ಒಂದು ಟ್ರಾಲರ್ ಬಲೆಗೆ ಒಂದೂವರೆ ಮೀಟರ್ ಉದ್ದದ ನೀಲಿ ಮೀನು ಬಿತ್ತು. ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಅದನ್ನು ಮೀನಿನ ರಾಶಿಯಲ್ಲಿ ಗುರುತಿಸಿ, ಟ್ಯಾಕ್ಸಿಯಲ್ಲಿ ಹಾಕಿಸಿಕೊಂಡು ಬಂದು, ಚಿತ್ರ ಬರೆದು ಮೀನು ತಜ್ಞ ಜೆ.ಎಲ್.ಬಿ. ಸ್ಮಿತ್‌ಗೆ ಕಳಿಸಿದರು. ಎರಡನೆಯದು ಸಿಗಲು 1952 ಆಯಿತು, ಆಫ್ರಿಕಾದ ಪೂರ್ವಕ್ಕಿರುವ ಕೊಮೊರೊಸ್ ದ್ವೀಪಗಳಲ್ಲಿ. ಅಲ್ಲಿನ ಬೆಸ್ತರಿಗೆ ಮಾತ್ರ ಅದೇನೂ ಹೊಸ ಮೀನಲ್ಲ, ಗೊಂಬೆಸ್ಸಾ ಅಂತ ಕರೆಯುತ್ತಿದ್ದರು.

ನನ್ನನ್ನು ಹಿಡಿದಿಟ್ಟಿರುವುದು ಇದಾದ ಮೇಲಿನ ಕಥೆ. ಸತ್ತ ಮೀನನ್ನು ಎಷ್ಟು ಕೊಯ್ದು ನೋಡಿದರೂ ಅದು ಬದುಕುವ ರೀತಿ ಗೊತ್ತಾಗುವುದಿಲ್ಲ, ಅಲ್ವಾ? ಕಾಲಿನ ಹಾಗೆ ದಪ್ಪಗಿರುವ ಈಜುರೆಕ್ಕೆ ನೋಡಿ, ಇದು ಕಡಲ ತಳದಲ್ಲಿ ತೆವಳುತ್ತದೆ ಅಂತ ಸ್ಮಿತ್ ಊಹಿಸಿದ್ದರು. 1979ರಲ್ಲಿ ಬಿಬಿಸಿಯ ಡೇವಿಡ್ ಅಟೆನ್‌ಬರೊ ಸರಣಿ 'ಲೈಫ್ ಆನ್ ಅರ್ಥ್' ಜೀವಂತ ಸೀಲಕ್ಯಾಂತ್ ತೋರಿಸಿತು. ಆದರೆ ಅದು ಬೆಸ್ತರ ಕೈಗೆ ಸಿಕ್ಕಿದ್ದ ಮೀನು. 1987ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹಾನ್ಸ್ ಫ್ರಿಕೆ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದು, 200 ಮೀಟರ್ ಆಳದವರೆಗಿನ ಕತ್ತಲಲ್ಲಿ, ಅದರ ಮನೆಯಲ್ಲೇ ಅದನ್ನು ಚಿತ್ರೀಕರಿಸಿದರು. ತೆವಳುವುದಿಲ್ಲ! ನೀರಿನ ಸೆಳವಿನಲ್ಲಿ ನಿಧಾನವಾಗಿ ತೇಲುತ್ತದೆ. ಆದರೆ ಮುಂದಿನ ಎಡ ರೆಕ್ಕೆಯ ಜೊತೆ ಹಿಂದಿನ ಬಲ ರೆಕ್ಕೆ, ಆಮೇಲೆ ಇನ್ನೊಂದು ಜೋಡಿ, ಹೀಗೆ ಹಲ್ಲಿ ಹೆಜ್ಜೆ ಇಟ್ಟಂತೆಯೇ ಆಡಿಸುತ್ತದೆ. ಮತ್ತೆ ಕೆಲವೊಮ್ಮೆ ಸುಮ್ನೆ ತಲೆ ಕೆಳಗಾಗಿ ನಿಂತುಬಿಡುತ್ತದೆ, ಒಂದೆರಡು ನಿಮಿಷ. ಇದನ್ನು ಯಾವ ಪಳೆಯುಳಿಕೆ ಹೇಳಲು ಸಾಧ್ಯವಿತ್ತು? ಕ್ಯಾಮೆರಾ ಅಷ್ಟು ಆಳಕ್ಕೆ ಹೋಗಿದ್ದಕ್ಕೇ ಗೊತ್ತಾಗಿದ್ದು. ವನ್ಯಜೀವಿ ಕಾರ್ಯಕ್ರಮಗಳ ಮೇಲೆ ನನಗೆ ಇಷ್ಟು ಗೌರವ ಇರುವುದು ಇದಕ್ಕೇ.

ಇನ್ನೊಂದು ವಿಷಯ. ಇವು ಸುಮಾರು ನೂರು ವರ್ಷ ಬದುಕುತ್ತವೆ, ಮರಿ ಹೊಟ್ಟೆಯಲ್ಲಿ ಸುಮಾರು ಐದು ವರ್ಷ ಇರುತ್ತದೆ ಅಂತ 2021ರಲ್ಲಿ ಹುರುಪೆ ಪರೀಕ್ಷೆ ಮಾಡಿದ ವಿಜ್ಞಾನಿಗಳು ಹೇಳಿದರು. ಹಾಗಾದರೆ ಫ್ರಿಕೆ ಕ್ಯಾಮೆರಾದಲ್ಲಿ ಸಿಕ್ಕ ಮೀನುಗಳಲ್ಲಿ ಕೆಲವು ಈಗಲೂ ಇರಬಹುದು. ಬೇರೆ ಮೀನಿಗೆ ಹಾಕಿದ ಗಾಳಕ್ಕೋ ಬಲೆಗೋ ಸಿಕ್ಕಿ ಸಾಯದಿದ್ದರೆ. ಇಷ್ಟು ನಿಧಾನವಾಗಿ ಮರಿ ಹಾಕುವ ಮೀನಿಗೆ ಒಂದೊಂದು ಸಾವೂ ದೊಡ್ಡ ನಷ್ಟವೇ.

ನೋಡಬೇಕು ಅನಿಸಿದರೆ ಡೈನೋಸಾರ್ ಗ್ರಾಫಿಕ್ಸ್, ಅಬ್ಬರದ ಸಂಗೀತ ಜಾಸ್ತಿ ಇರುವವು ಬೇಡ. ದೃಶ್ಯ ಕತ್ತರಿಸದೆ ಮೀನನ್ನು ಪೂರ್ತಿ ಒಂದು ನಿಮಿಷವಾದರೂ ತೋರಿಸುವ ವಿಡಿಯೋ ಹುಡುಕಿ, ಆ ರೆಕ್ಕೆಗಳನ್ನೇ ನೋಡಿ.